ಮಾರ್ಕ್ ವಿಲ್ಕ್ಸ್: ಮ್ಯಾನ್ ದ್ವೀಪದ ಸ್ಪೀಕರ್, ದೇವನಹಳ್ಳಿ ಸೀಮೆಯ ಚರಿತ್ರೆಕಾರ

ಕರ್ನಲ್ ಮಾರ್ಕ್ ವಿಲ್ಕ್ಸ್ ಮೂವರು ಜಾರ್ಜ್ ದೊರೆಗಳ ಆಳ್ವಿಕೆಯನ್ನು ಕಂಡವನು. ಎರಡನೆಯ ಜಾರ್ಜನ ಕೊನೆಗಾಲದಲ್ಲಿ, 1759ರ ಸುಮಾರಿಗೆ, ಇಂಗ್ಲೆಂಡಿಗೂ ಐರ್ಲೆಂಡಿಗೂ ನಡುವೆ ಇರುವ ಮ್ಯಾನ್ ದ್ವೀಪದಲ್ಲಿ ಹುಟ್ಟಿದ. ನಾಲ್ಕನೆಯ ಜಾರ್ಜ್ ತೀರಿದ ಮರುವರ್ಷ, 1831ರ ಸೆಪ್ಟೆಂಬರ್ 19ರಂದು, ಸ್ಕಾಟ್ಲೆಂಡಿನಲ್ಲಿದ್ದ ಅಳಿಯನ ಮನೆಯಲ್ಲಿ ತೀರಿಕೊಂಡ. ಬ್ರಿಟನ್ನಿನ ರಾಜಕೀಯ ಚರಿತ್ರೆಯಲ್ಲಿ ಅವನಿಗೆ ಸಿಗುವುದು ಒಂದೆರಡು ಸಾಲು: ಸೇಂಟ್ ಹೆಲೆನಾ ದ್ವೀಪದ ಗವರ್ನರ್, ಆಮೇಲೆ ತನ್ನ ಹುಟ್ಟುದ್ವೀಪದ ಶಾಸನಸಭೆಯ ಸ್ಪೀಕರ್. ಲಂಡನ್ನಿನ ಪಾರ್ಲಿಮೆಂಟಿನಲ್ಲಿ ಅವನು ಕೂತವನಲ್ಲ, ಮಂತ್ರಿಯಾದವನಲ್ಲ. ಆದರೆ ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆಗಳ ಹದಿನೆಂಟನೆಯ ಶತಮಾನದ ಬಗ್ಗೆ ಗ್ಯಾಸೆಟಿಯರುಗಳಲ್ಲಿ, ಪಾಠಪುಸ್ತಕಗಳಲ್ಲಿ, ಕೋಟೆ ನೋಡಲು ಬಂದವರಿಗೆ ಹೇಳುವ ಮಾತಿನಲ್ಲಿ ಬರುವ ಸಂಗತಿಗಳಲ್ಲಿ ಎಷ್ಟೋ ಈ ಮನುಷ್ಯ ಬರೆದ ಮೈಸೂರು ಚರಿತ್ರೆಯಿಂದ ಇಳಿದುಬಂದವು. ಆ ಚರಿತ್ರೆಗೆ ಮಾತು ಕೊಟ್ಟವರು ಈ ನಾಡಿನ ಶಾನುಭೋಗರು, ಪಂಡಿತರು, ಹೈದರನ ದಂಡಿನಲ್ಲಿ ದುಡಿದ ಹಿರಿಯರು. ಅದನ್ನು ಬರೆಯಲು ಅವಕಾಶ ಒದಗಿಸಿದ್ದು ಯುದ್ಧದಲ್ಲಿ ಗೆದ್ದವರ ಅಧಿಕಾರ. ಎರಡನ್ನೂ ಜೊತೆಗಿಟ್ಟು ಓದಿದಾಗಲೇ ವಿಲ್ಕ್ಸ್‌ನ ಬೆಲೆಯೂ ಮಿತಿಯೂ ತಿಳಿಯುತ್ತವೆ.

ಮ್ಯಾನ್ ದ್ವೀಪ ಚಿಕ್ಕದು. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ನಾಲ್ಕು ತಾಲ್ಲೂಕುಗಳ ವಿಸ್ತೀರ್ಣದಲ್ಲಿ ಹೆಚ್ಚುಕಡಿಮೆ ಕಾಲುಭಾಗ. ಆದರೂ ಅದಕ್ಕೆ ಸ್ವಂತ ಭಾಷೆ, ಸ್ವಂತ ಕಾನೂನು, ಟಿನ್‌ವಾಲ್ಡ್ ಎಂಬ ಪುರಾತನ ಸಭೆ ಇದ್ದವು. ಟಿನ್‌ವಾಲ್ಡಿನ ಒಂದು ಅಂಗ ಹೌಸ್ ಆಫ್ ಕೀಸ್, 24 ಜನರ ಸದನ. ಆ ಕಾಲದಲ್ಲಿ ಇದಕ್ಕೆ ಜನರಿಂದ ಚುನಾವಣೆ ಇರಲಿಲ್ಲ. ಒಂದು ಸ್ಥಾನ ತೆರವಾದರೆ ಉಳಿದ ಸದಸ್ಯರೇ ಇಬ್ಬರ ಹೆಸರು ಸೂಚಿಸುತ್ತಿದ್ದರು, ಆಳುವವನು ಅವರಲ್ಲಿ ಒಬ್ಬನನ್ನು ಆರಿಸುತ್ತಿದ್ದ. ಹೀಗೆ ಬಂದವರು ದ್ವೀಪದ ಕೆಲವೇ ಜಮೀನ್ದಾರಿ ಮನೆತನಗಳವರು. ವಿಲ್ಕ್ಸ್ ಹುಟ್ಟಿದಾಗ ದ್ವೀಪ ಅಥಾಲ್ ಡ್ಯೂಕ್ ಮನೆತನದ ಆಸ್ತಿಯಾಗಿತ್ತು. 1765ರಲ್ಲಿ ಬ್ರಿಟಿಷ್ ಸರ್ಕಾರ 70,000 ಪೌಂಡ್ ಕೊಟ್ಟು ಒಡೆತನದ ಹಕ್ಕನ್ನು ಕೊಂಡುಕೊಂಡಿತು. ಒಂದು ನಾಡಿನ ಒಡೆತನ ಹಣಕ್ಕೆ ಕೈ ಬದಲಾಯಿಸುವುದನ್ನು ಬಾಲ್ಯದಲ್ಲೇ ಕಂಡ ಈತ ಮುಂದೆ ಭೂಮಿ ಯಾರದು, ದೊರೆಗೆ ಅದರಲ್ಲಿ ಎಷ್ಟು ಹಕ್ಕು ಎಂಬ ಪ್ರಶ್ನೆಗೆ ದೀರ್ಘವಾದ ಅಧ್ಯಾಯವನ್ನೇ ಮೀಸಲಿಟ್ಟ.

ತಂದೆ ಜೇಮ್ಸ್ ವಿಲ್ಕ್ಸ್ ದ್ವೀಪದ ಪಾದ್ರಿ. ಮಗನೂ ಚರ್ಚಿಗೇ ಸೇರಲಿ ಎಂದು ಓದಿಸಿದರು. ಆದರೆ ಸ್ಥಿತಿವಂತರಲ್ಲದ, ಓದಿದ ಮನೆತನಗಳ ಹುಡುಗರಿಗೆ ಆಗ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ಇನ್ನೊಂದು ದಾರಿಯಾಗಿತ್ತು. 1781ರಲ್ಲಿ ವಿಲ್ಕ್ಸ್ ಮದರಾಸಿನ ಸೇನೆಗೆ ಸೇರಿದ. ಆಗ ಹೈದರ್ ಅಲಿ, ಕರ್ನಾಟಿಕ್ ಎಂದು ಕರೆಯುತ್ತಿದ್ದ ತಮಿಳು ಬಯಲುಸೀಮೆಯನ್ನೆಲ್ಲ ಮುತ್ತಿಕೊಂಡಿದ್ದ ಕಾಲ; ಎರಡನೆಯ ಮೈಸೂರು ಯುದ್ಧ ನಡೆಯುತ್ತಿತ್ತು. ಆದರೂ ವಿಲ್ಕ್ಸ್‌ನ ಏಳಿಗೆ ಕತ್ತಿಗಿಂತ ಲೇಖನಿಯಿಂದಲೇ ಆಯಿತು. ಮಿಲಿಟರಿ ಬೋರ್ಡಿನ ಉಪಕಾರ್ಯದರ್ಶಿ, ಗವರ್ನರನ ಆಪ್ತ ಅಧಿಕಾರಿ, ಆಮೇಲೆ 1790ರಿಂದ 1792ರವರೆಗಿನ ಮೂರನೆಯ ಮೈಸೂರು ಯುದ್ಧದಲ್ಲಿ ಕರ್ನಲ್ ಜೇಮ್ಸ್ ಸ್ಟುವರ್ಟನ ಪರಿವಾರದಲ್ಲಿ ಬ್ರಿಗೇಡ್ ಮೇಜರ್. ಇದೇ ಯುದ್ಧದಲ್ಲಿ ದೇವನಹಳ್ಳಿ ಗವರ್ನರ್ ಜನರಲ್ ಕಾರ್ನ್‌ವಾಲಿಸನ ವಶವಾಯಿತು, ಅಕ್ಟೋಬರಿನಲ್ಲಿ ನಂದಿದುರ್ಗ ಬಿತ್ತು, 1791ರ ಡಿಸೆಂಬರಿನಲ್ಲಿ ಸ್ಟುವರ್ಟನೇ ಸಾವನದುರ್ಗದ ಮುತ್ತಿಗೆ ನಡೆಸಿದ. ನಡುವೆ ಕಾಯಿಲೆಯಿಂದ ರಜೆ ಪಡೆದು ಯೂರೋಪಿಗೆ ಹೋಗಿ ಬಂದ ವಿಲ್ಕ್ಸ್, ಶ್ರೀರಂಗಪಟ್ಟಣ ಬಿದ್ದ ಮೇಲಿನ ವರ್ಷಗಳಲ್ಲಿ ಮದರಾಸಿನ ಗವರ್ನರ್ ಎಡ್ವರ್ಡ್ ಕ್ಲೈವನ ಕಾರ್ಯದರ್ಶಿಯಾಗಿದ್ದ. ಈ ಎಡ್ವರ್ಡ್, ಪ್ಲಾಸಿಯ ರಾಬರ್ಟ್ ಕ್ಲೈವನ ಮಗ.

1799ರ ಮೇ 4ರಂದು ಟಿಪ್ಪು ಸುಲ್ತಾನ ಮಡಿದ. ಜೂನ್ 30ರಂದು ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರ ಪಟ್ಟಾಭಿಷೇಕ ನಡೆಯಿತು. ಆಡಳಿತ ದಿವಾನ್ ಪೂರ್ಣಯ್ಯನವರ ಕೈಯಲ್ಲಿ, ಅವರ ಮೇಲೆ ಕಣ್ಣಿಡಲು ಕಂಪನಿಯ ರೆಸಿಡೆಂಟ್. ಮೊದಲ ರೆಸಿಡೆಂಟ್ ಬ್ಯಾರಿ ಕ್ಲೋಸ್, ಆಮೇಲೆ ಜೋಸೈಯಾ ವೆಬ್ಬ್. ವೆಬ್ಬ್ ತೀರಿಕೊಂಡಾಗ ಪೂರ್ಣಯ್ಯನವರು ಅವನ ನೆನಪಿಗೆ ಕಲ್ಲಿನ ಸ್ತಂಭವನ್ನೇ ನಿಲ್ಲಿಸಿದರು. ದಿವಾನರೂ ರೆಸಿಡೆಂಟರೂ ಎಷ್ಟು ಹತ್ತಿರವಾಗಿದ್ದರು ಎಂಬುದಕ್ಕೆ ಅದು ಸಾಕ್ಷಿ. 1803ರಲ್ಲಿ ಜಾನ್ ಮಾಲ್ಕಂ ರೆಸಿಡೆಂಟನಾಗಿ ನೇಮಕಗೊಂಡರೂ ದಂಡಯಾತ್ರೆ, ರಾಯಭಾರಗಳಿಗಾಗಿ ಹೊರಗೇ ಇರುತ್ತಿದ್ದ. ಹಾಗಾಗಿ 1803ರಿಂದ 1808ರವರೆಗೆ ರೆಸಿಡೆಂಟನ ಕೆಲಸವನ್ನು ನಿಜವಾಗಿ ಮಾಡಿದವನು ವಿಲ್ಕ್ಸ್. ಮೈಸೂರು ನಗರದಲ್ಲಿ ಇಂದು ಗೌರ್ನಮೆಂಟ್ ಹೌಸ್ ಎನ್ನುವ ರೆಸಿಡೆನ್ಸಿ ಕಟ್ಟಡ ಎದ್ದದ್ದು ಆ ವರ್ಷಗಳಲ್ಲೇ.

ಆ ಹುದ್ದೆಯ ಬಲ ಸಣ್ಣದಲ್ಲ. 1799ರ ಒಪ್ಪಂದದಂತೆ ಮೈಸೂರು ವರ್ಷಕ್ಕೆ 7 ಲಕ್ಷ ಸ್ಟಾರ್ ಪಗೋಡಗಳನ್ನು ಕಂಪನಿಗೆ ಕಟ್ಟಬೇಕಾಗಿತ್ತು. ಯುದ್ಧ ಬಂದರೆ ಇನ್ನಷ್ಟು ಕೇಳುವ ಹಕ್ಕನ್ನೂ ಕಂಪನಿ ಇಟ್ಟುಕೊಂಡಿತ್ತು. ಎಷ್ಟು ಎಂದು ಹೇಳದ ಈ ಹಕ್ಕು ಪೂರ್ಣಯ್ಯನವರಿಗೆ ಸದಾ ಆತಂಕ ತರುವಂಥದ್ದು. 1807ರ ಜನವರಿ 29ರ ಪೂರಕ ಒಪ್ಪಂದ ಅದಕ್ಕೊಂದು ಮೇರೆ ಹಾಕಿ, ಮೈಸೂರು 4,000 ಕುದುರೆ ಸವಾರರನ್ನು ಸಿದ್ಧವಾಗಿಟ್ಟಿರಬೇಕು ಎಂದು ಗೊತ್ತುಮಾಡಿತು. ಅದೇ ವರ್ಷ ಪೂರ್ಣಯ್ಯನವರಿಗೆ ಯಳಂದೂರು ಜಹಗೀರು ದೊರೆಯಿತು. ಎರಡೂ ವಿಲ್ಕ್ಸ್‌ನ ಅವಧಿಯ ಸಂಗತಿಗಳು.

1804ರ ಡಿಸೆಂಬರಿನಲ್ಲಿ ವಿಲ್ಕ್ಸ್ ಮೈಸೂರಿನ ಒಳಾಡಳಿತ, ಆದಾಯ, ಖರ್ಚುಗಳ ಬಗ್ಗೆ ಒಂದು ವರದಿ ಬರೆದ. ಮರುವರ್ಷ ಅದು ಕಲ್ಕತ್ತೆಯಲ್ಲಿ ಅಚ್ಚಾಯಿತು. ಕಂದಾಯದ ಬಾಕಿ ಬಿಟ್ಟುಕೊಟ್ಟದ್ದು, ಒಡೆದ ಕೆರೆ ಕಾಲುವೆಗಳ ದುರಸ್ತಿ, ಯುದ್ಧವಿಲ್ಲದೆ ಕೆಲಸ ಕಳೆದುಕೊಂಡ ಸಿಪಾಯಿಗಳನ್ನು ಕಂದಾಚಾರದ (ಸ್ಥಳೀಯ ಕಾವಲುಪಡೆಯ) ಪೇದೆಗಳಾಗಿ ಊರೂರಲ್ಲಿ ನೆಲೆಗೊಳಿಸಿದ್ದು, ಇವೆಲ್ಲ ಅದರಲ್ಲಿವೆ. ವರದಿಯ ದನಿ ಪೂರ್ಣಯ್ಯನವರ ಪರ. ಇದನ್ನು ಓದುವಾಗ ಒಂದು ಎಚ್ಚರ ಬೇಕು. ಆಡಳಿತ ಚೆನ್ನಾಗಿದೆ ಎಂದು ಹೇಳುವುದರಲ್ಲಿ, 1799ರ ತೀರ್ಮಾನವೇ ಸರಿಯಾಗಿತ್ತು ಎಂದು ಕಲ್ಕತ್ತೆಗೂ ಲಂಡನ್ನಿಗೂ ತೋರಿಸುವ ಉದ್ದೇಶವೂ ಅಡಗಿತ್ತು. ಆದರೂ ಕೆರೆಗಳ ವಿಷಯದಲ್ಲಿ ಆ ವರದಿ ಹೇಳುವುದು ಈ ಜಿಲ್ಲೆಯ ಜನಕ್ಕೆ ತಕ್ಷಣ ಅರ್ಥವಾಗುವ ಮಾತು. ಅರ್ಕಾವತಿಯೂ ದಕ್ಷಿಣ ಪಿನಾಕಿನಿಯೂ ನಂದಿಬೆಟ್ಟದ ಬಳಿ ಹುಟ್ಟುತ್ತವೆ, ಆದರೆ ಇಲ್ಲಿ ವರ್ಷವಿಡೀ ಹರಿಯುವ ನೀರಿಲ್ಲ. ಒಂದರ ಕೋಡಿ ಇನ್ನೊಂದಕ್ಕೆ ಹರಿಯುವ ಕೆರೆಗಳ ಸಾಲೇ ಇಲ್ಲಿನ ಬೇಸಾಯವನ್ನು ಹಿಡಿದು ನಿಲ್ಲಿಸಿದ್ದು. ಸೈನ್ಯಗಳು ಮತ್ತೆ ಮತ್ತೆ ಹಾದುಹೋದ ಈ ಸೀಮೆಯಲ್ಲಿ ಏರಿ ಒಡೆದರೆ ಊರೇ ಖಾಲಿಯಾಗುತ್ತಿತ್ತು.

ವಿಲ್ಕ್ಸ್‌ನ ಹೆಸರು ಉಳಿದದ್ದು ಈ ವರದಿಯಿಂದಲ್ಲ, ಮೈಸೂರಿನಲ್ಲಿದ್ದಾಗ ಅವನು ಕೂಡಿಸಿಕೊಂಡ ಚರಿತ್ರೆಯ ಸಾಮಗ್ರಿಯಿಂದ. ಅದಕ್ಕಿಂತ ಒಳ್ಳೆಯ ಸಮಯ ಯಾರಿಗೂ ಒದಗಿರಲಾರದು. ಹೈದರ್ ತೀರಿ ಇಪ್ಪತ್ತು ವರ್ಷವಾಗಿತ್ತು. ಅವನ ಕೈಕೆಳಗೆ ದುಡಿದ ಸರದಾರರು, ಗುಮಾಸ್ತರು ಇನ್ನೂ ಬದುಕಿದ್ದರು. ಹೈದರನ ಖಜಾನೆ, ಟಿಪ್ಪುವಿನ ದರ್ಬಾರು, ಒಡೆಯರ ಆಡಳಿತ ಮೂರನ್ನೂ ಒಳಗಿನಿಂದ ಬಲ್ಲ ಪೂರ್ಣಯ್ಯನವರು ದಿನವೂ ಮಾತಿಗೆ ಸಿಗುತ್ತಿದ್ದರು. ಇನ್ನೊಂದು ಕಡೆ ಕರ್ನಲ್ ಕಾಲಿನ್ ಮೆಕೆಂಜಿ ಮೈಸೂರು ಸರ್ವೆ ನಡೆಸುತ್ತ, ತನ್ನ ಪಂಡಿತರ ಮೂಲಕ ಊರೂರಿನ ಕೈಫಿಯತ್ತು, ಶಾಸನಗಳ ಪ್ರತಿ ತರಿಸುತ್ತಿದ್ದ. ಆ ಸಂಗ್ರಹವೂ ವಿಲ್ಕ್ಸ್‌ಗೆ ತೆರೆದಿತ್ತು.

ತಾನು ನಂಬಿದ ಆಧಾರಗಳನ್ನು ಅವನು ಮುನ್ನುಡಿಯಲ್ಲಿ, ಟಿಪ್ಪಣಿಗಳಲ್ಲಿ ಬಿಡಿಸಿ ಹೇಳುತ್ತಾನೆ. ಅದರಲ್ಲಿ ಶಾನುಭೋಗರ ಕಡತದ ವಿವರಣೆ ಈಗಲೂ ಓದುವಂತಿದೆ. ಉದ್ದನೆಯ ಹತ್ತಿಬಟ್ಟೆಗೆ ಎರಡೂ ಕಡೆ ಅಂಟು ಮತ್ತು ಇದ್ದಿಲ ಪುಡಿಯ ಲೇಪ ಬಳಿದು, ಒಣಗಿಸಿ, ಹಾಳೆಯ ಅಗಲಕ್ಕೆ ಹಿಂದಕ್ಕೂ ಮುಂದಕ್ಕೂ ಮಡಿಸಿ, ತುದಿಗಳಿಗೆ ಮರದ ಹಲಗೆ ಕಟ್ಟುತ್ತಿದ್ದರು. ಬರೆಯುವುದು ಬಳಪದ ಕಡ್ಡಿಯಿಂದ. ಬೇಕಾದಾಗ ಒರೆಸಿ ತಿದ್ದಬಹುದು, ಕಾಪಾಡಿದರೆ ತಲೆಮಾರುಗಟ್ಟಲೆ ಉಳಿಯುತ್ತದೆ. ಹಳ್ಳಿಯ ಜಮೀನು, ಕಂದಾಯ, ಮನೆತನದ ಲೆಕ್ಕಗಳೆಲ್ಲ ಇದ್ದದ್ದು ಇಂಥ ಕಡತಗಳಲ್ಲಿ. ಬಾಯಿಮಾತಿನ ದೇಶ, ಇಲ್ಲಿನವರಿಗೆ ಲಿಖಿತ ದಾಖಲೆಯೇ ಇಲ್ಲ ಎಂದು ಯೂರೋಪಿನವರು ಸಲೀಸಾಗಿ ಹೇಳುತ್ತಿದ್ದ ಕಾಲದಲ್ಲಿ, ಒಬ್ಬ ಆಡಳಿತಗಾರ ಶಾನುಭೋಗನ ಲೆಕ್ಕಪುಸ್ತಕವನ್ನು ಚರಿತ್ರೆಯ ಆಧಾರವೆಂದು ಎಣಿಸಿದ್ದು ಹಿರಿಯ ಸಂಗತಿ.

ಅದೇ ಮುನ್ನುಡಿಯಲ್ಲಿ ಮೈಸೂರು ಅರಮನೆಯ ದಾಖಲೆಕೋಣೆಯ ಪ್ರಸಂಗವೂ ಇದೆ. ಓಲೆಗರಿ, ಕಡತಗಳು ತುಂಬಿದ ಕೋಣೆ ಸಿಕ್ಕಾಗ ಅವನ್ನು ಕುದುರೆಗಳ ಹುರುಳಿ ಬೇಯಿಸಲು ಒಲೆಗೆ ಹಾಕುವಂತೆ ಟಿಪ್ಪು ಅಪ್ಪಣೆ ಮಾಡಿದನೆಂದೂ, ಒಬ್ಬ ಬ್ರಾಹ್ಮಣ ಕೆಲವನ್ನು ಬಚ್ಚಿಟ್ಟು ಉಳಿಸಿದನೆಂದೂ ವಿಲ್ಕ್ಸ್ ಹೇಳುತ್ತಾನೆ. ಇದನ್ನು ಅವನಿಗೆ ಹೇಳಿದವರು ಪದಚ್ಯುತವಾಗಿ ಮರಳಿ ಪಟ್ಟಕ್ಕೆ ಬಂದ ರಾಜಮನೆತನದ ಕಡೆಯವರು. ಬರೆದುಕೊಂಡವನು ಟಿಪ್ಪುವನ್ನು ಸೋಲಿಸಿದ ಸೈನ್ಯದವನು. ಟಿಪ್ಪುವಿನದೇ ದೊಡ್ಡ ಗ್ರಂಥಭಂಡಾರ ಶ್ರೀರಂಗಪಟ್ಟಣದಲ್ಲಿ ಸಿಕ್ಕಿದ್ದನ್ನೂ ಮರೆಯುವಂತಿಲ್ಲ. ದಾಖಲೆಗಳು ನಾಶವಾದದ್ದು ನಿಜವಿರಬಹುದು. ಆದರೆ ಅಪ್ಪಣೆಯ ಮಾತು, ಅದರ ಧಾಟಿ ಹೇಳಿದವರ ನೋವಿನಿಂದಲೂ ಸಿಟ್ಟಿನಿಂದಲೂ ಬಣ್ಣ ಪಡೆದಿರುವುದು ಸಹಜ. ಒಂದೇ ಪ್ರಸಂಗದಲ್ಲಿ ವಿಲ್ಕ್ಸ್‌ನ ಶಕ್ತಿ ಮತ್ತು ದೋಷ ಎರಡೂ ಕಾಣುತ್ತವೆ.

ಗ್ರಂಥದ ಮೊದಲ ಸಂಪುಟ 1810ರಲ್ಲಿ, ಉಳಿದೆರಡು 1817ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದವು. ದಕ್ಷಿಣ ಭಾರತದ ಚಾರಿತ್ರಿಕ ಚಿತ್ರಗಳು ಎಂಬರ್ಥದ ಹೆಸರಿದ್ದರೂ ಅದು ಮೈಸೂರಿನ ಕಥೆಯೇ. ಅದರಲ್ಲಿ ಈ ಸೀಮೆ ಬರುವ ಕಡೆಗಳನ್ನು ನಿಧಾನವಾಗಿ ನೋಡಬೇಕು, ಏಕೆಂದರೆ ಹೈದರನ ಬಾಲ್ಯ, ಮೊದಲ ಕೀರ್ತಿ, ಮೊದಲ ಸಂಪತ್ತು, ನವಾಬ ಪದವಿ ನಾಲ್ಕೂ ಇಲ್ಲಿನ ಮೂರು ಊರುಗಳಿಗೆ ಸೇರಿದವು.

ಮೊದಲು ದೊಡ್ಡಬಳ್ಳಾಪುರ. ಹೈದರನ ತಂದೆ ಫತ್ ಮುಹಮ್ಮದ್ ಸಿರಾದ ಮೊಗಲ್ ಸುಬೇದಾರನ ಸೇವೆಯಲ್ಲಿದ್ದು ಯುದ್ಧದಲ್ಲಿ ಮಡಿದ. ಅವನ ಕುಟುಂಬ ಆಗ ದೊಡ್ಡಬಳ್ಳಾಪುರದಲ್ಲಿತ್ತು. ಊರು ಅಬ್ಬಾಸ್ ಕುಲಿ ಖಾನನ ಜಹಗೀರು. ತಂದೆ ಉಳಿಸಿಹೋದ ಬಾಕಿ ಕಟ್ಟಬೇಕೆಂದು ಅವನು ವಿಧವೆಯ ಮನೆಯಲ್ಲಿದ್ದುದನ್ನೆಲ್ಲ ಕಿತ್ತುಕೊಂಡ. ಸಾಲದೆಂದು ಎಳೆಯ ಮಕ್ಕಳಾದ ಶಹಬಾಜ್ ಮತ್ತು ಹೈದರರನ್ನು ನಗಾರಿಯೊಳಗೆ ಕೂಡಿಸಿ ಹೊರಗಿನಿಂದ ಬಾರಿಸಿ ಹಿಂಸಿಸಿದನೆಂದು ವಿಲ್ಕ್ಸ್ ಬರೆಯುತ್ತಾನೆ. ಮೈಸೂರು ಸೇವೆಯಲ್ಲಿದ್ದ ನೆಂಟನೊಬ್ಬ ಅಧಿಕಾರಿಗಳ ಮೂಲಕ ಒತ್ತಡ ತಂದ ಮೇಲೆ ಬಿಡುಗಡೆಯಾಯಿತು. ಈ ಅವಮಾನವನ್ನು ಹೈದರ್ ಕೊನೆಯವರೆಗೂ ಮರೆಯಲಿಲ್ಲ. 1761ರಲ್ಲಿ ಅವನು ದೊಡ್ಡಬಳ್ಳಾಪುರದ ಮೇಲೆ ನುಗ್ಗಿದಾಗ ಅಬ್ಬಾಸ್ ಕುಲಿ ಖಾನ್ ಮನೆಮಂದಿಯನ್ನೂ ಬಿಟ್ಟು ಮದರಾಸಿನ ಕಡೆ ಓಡಿದ. ಮುಂದೆ ಹೈದರನ ದಂಡು ಆ ಕಡೆಗೂ ಬಂದಾಗ ಮುರುಕಲು ಹಡಗೊಂದನ್ನು ಹತ್ತಿ ಸಮುದ್ರದ ಮೇಲೆಯೇ ಉಳಿದನಂತೆ. ಹಿಂಸೆ ಕೊಟ್ಟವನ ಭಯವನ್ನು ಇಷ್ಟು ವಿವರವಾಗಿ ದಾಖಲಿಸುವ ವಿಲ್ಕ್ಸ್ ಇಲ್ಲಿ ಪೂರ್ತಿ ಹೈದರನ ಕಡೆ ನಿಂತಿದ್ದಾನೆ.

ದೇವನಹಳ್ಳಿ ಆಗ ಆವತಿ ನಾಡಪ್ರಭುಗಳ ಒಂದು ಶಾಖೆಯ ಪಾಳೆಯಪಟ್ಟು. ಕಂಚಿಯ ಕಡೆಯಿಂದ ಬಂದು ಆವತಿಯಲ್ಲಿ ನೆಲೆಸಿದ ಮೊರಸು ಒಕ್ಕಲಿಗ ಮನೆತನದ ಮಲ್ಲಬೈರೇಗೌಡ ಹದಿನಾರನೆಯ ಶತಮಾನದ ಆರಂಭದಲ್ಲಿ ಇಲ್ಲಿ ಕೋಟೆ ಕಟ್ಟಿಸಿದನೆಂಬುದು ಸ್ಥಳಪರಂಪರೆ. 1749ರಲ್ಲಿ ಮೈಸೂರಿನ ಕರಾಚೂರಿ ನಂಜರಾಜಯ್ಯ ಈ ಕೋಟೆಯನ್ನು ಮುತ್ತಿದ. ಮುತ್ತಿಗೆ ತಿಂಗಳುಗಟ್ಟಲೆ ಎಳೆಯಿತು. ಅಣ್ಣ ಶಹಬಾಜನ ತುಕಡಿಯ ಜೊತೆ, ಯಾವ ಅಧಿಕಾರವೂ ಇಲ್ಲದ ಸ್ವಯಂಸೈನಿಕನಾಗಿ ಬಂದಿದ್ದ ಹೈದರನಿಗೆ ಆಗ ಇಪ್ಪತ್ತೇಳರ ವಯಸ್ಸು. ಅದುವರೆಗೆ ಬೇಟೆ, ಆಟಗಳಲ್ಲಿ ಕಾಲ ಕಳೆದಿದ್ದವನು ಇಲ್ಲಿ ತೋರಿದ ಧೈರ್ಯ, ತಣ್ಣನೆಯ ಬುದ್ಧಿ ನಂಜರಾಜಯ್ಯನ ಕಣ್ಣಿಗೆ ಬಿತ್ತು. ಕೋಟೆ ಕೈಸೇರಿದ ಮೇಲೆ ಅವನಿಗೆ 50 ಕುದುರೆ, 200 ಕಾಲಾಳುಗಳ ನಾಯಕತ್ವ ಸಿಕ್ಕಿತು. ಮರುವರ್ಷ, ನಿಜಾಮ ನಾಸಿರ್ ಜಂಗ್ ಸೆಂಜಿಯ ಬಳಿ ಕೊಲೆಯಾದ ಗೊಂದಲದಲ್ಲಿ ಹೈದರನ ಬೇಡ ಸೈನಿಕರು ನಿಜಾಮನ ಖಜಾನೆಯ ಒಂದು ಪಾಲನ್ನು ಒಂಟೆಗಳ ಮೇಲೆ ಸಾಗಿಸಿ ದೇವನಹಳ್ಳಿಗೆ ತಲುಪಿಸಿದರು. ಸೈನ್ಯ ಕಟ್ಟಲು ಹೈದರನಿಗೆ ಸಿಕ್ಕ ಮೊದಲ ದೊಡ್ಡ ಹಣ ಅದು. ಟಿಪ್ಪು ಹುಟ್ಟಿದ್ದೂ ಈ ಊರಿನಲ್ಲೇ ಆದ್ದರಿಂದ ಇಂದು ದೇವನಹಳ್ಳಿಗೆ ಬರುವವರೆಲ್ಲ ಅವನ ಜನ್ಮಸ್ಥಳವನ್ನು ಕೇಳಿ ಹೋಗುತ್ತಾರೆ. 1749ರ ಮುತ್ತಿಗೆ ಅದಕ್ಕಿಂತ ಕಡಿಮೆ ಮುಖ್ಯವಲ್ಲ. ಮೈಸೂರಿನ ಚರಿತ್ರೆ ತಿರುಗಿದ್ದು ಆ ಗೋಡೆಯ ಕೆಳಗೆ.

ಹೊಸಕೋಟೆ ಎರಡು ಬಾರಿ ಬರುತ್ತದೆ. 1761ರಲ್ಲಿ ನಿಜಾಮನ ತಮ್ಮ ಬಸಾಲತ್ ಜಂಗ್ ಅದನ್ನು ಮುತ್ತಿ ಕೂತಿದ್ದ, ಕೋಟೆ ಬಗ್ಗುತ್ತಿರಲಿಲ್ಲ. ಅವನಿಗೆ ಹಣ ಬೇಕಾಗಿತ್ತು, ಹೈದರನಿಗೆ ಪದವಿ. 3 ಲಕ್ಷ ರೂಪಾಯಿಯ ನಜರಿಗೆ ಬದಲಾಗಿ ಸಿರಾದ ನವಾಬಗಿರಿ ಹೈದರನ ಹೆಸರಿಗೆ ಬಂತು. ಆಗ ಸಿರಾ ಬಸಾಲತ್ ಜಂಗನ ಕೈಯಲ್ಲಿರಲಿಲ್ಲ, ಮರಾಠರ ವಶದಲ್ಲಿತ್ತು. ತನ್ನದಲ್ಲದ್ದನ್ನು ಒಬ್ಬ ಕೊಟ್ಟ, ಇನ್ನೊಬ್ಬ ಆಮೇಲೆ ಗೆದ್ದುಕೊಂಡ. ಹೈದರ್ ಅಲಿ ಖಾನ್ ಬಹದ್ದೂರ್ ಎಂಬ ಬಿರುದಿನ ಮೂಲ ಹೊಸಕೋಟೆಯ ಬಯಲಿನ ಈ ವ್ಯವಹಾರ. ಎರಡನೆಯದು ಮೊದಲ ಮೈಸೂರು ಯುದ್ಧದ ಸಮಯ. 1768ರ ಆಗಸ್ಟಿನಲ್ಲಿ ಕರ್ನಲ್ ಸ್ಮಿತ್‌ನ ಇಂಗ್ಲಿಷ್ ಸೈನ್ಯವೂ ಅದರ ಜೊತೆಗಾರ, ಗುತ್ತಿಯ ಮುರಾರಿರಾವ್ ಘೋರ್ಪಡೆಯೂ ಹೊಸಕೋಟೆಯಲ್ಲಿ ಬೀಡುಬಿಟ್ಟಿದ್ದರು. ಹೈದರ್ ರಾತ್ರೋರಾತ್ರಿ ಮುರಾರಿರಾವನ ಪಾಳೆಯದ ಮೇಲೆ ಬಿದ್ದ. ಗಾಯಗೊಂಡ ಆನೆಯೊಂದು ಕಟ್ಟು ಕಿತ್ತುಕೊಂಡು, ತನ್ನ ಸರಪಣಿಯನ್ನೇ ಸೊಂಡಿಲಲ್ಲಿ ಹಿಡಿದು ಬೀಸುತ್ತ ನುಗ್ಗಿದ ಕುದುರೆಸವಾರರನ್ನು ಹಿಂದಕ್ಕೆ ಅಟ್ಟಿತು, ದಾಳಿ ಮುರಿಯಿತು ಎಂದು ವಿಲ್ಕ್ಸ್ ಹೇಳುತ್ತಾನೆ. ಯುದ್ಧದ ಒಣ ವರದಿಗಳಲ್ಲಿ ಸಿಗದ ಇಂಥ ವಿವರ ಕಣ್ಣಾರೆ ಕಂಡವರ ಬಾಯಿಂದಲೇ ಬಂದಿರಬೇಕು.

ಚರಿತ್ರೆಯ ಕಥನಕ್ಕಿಂತ ಹೆಚ್ಚು ದೂರ ಹೋದದ್ದು ಮೊದಲ ಸಂಪುಟದ ಭೂಮಿಯ ಅಧ್ಯಾಯ. ಭಾರತದಲ್ಲಿ ನೆಲವೆಲ್ಲ ದೊರೆಯದು, ರೈತನಿಗೆ ಸ್ವಂತ ಹಕ್ಕಿಲ್ಲ ಎಂಬ ವಾದ ಆಗ ಕಂಪನಿಯ ಅಧಿಕಾರಿಗಳಲ್ಲಿ ಬಲವಾಗಿತ್ತು. ತೆರಿಗೆ ಏರಿಸುವವರಿಗೆ ಅದು ಅನುಕೂಲವೂ ಆಗಿತ್ತು. ವಿಲ್ಕ್ಸ್ ಅದನ್ನು ಒಪ್ಪಲಿಲ್ಲ. ಮನುಸ್ಮೃತಿಯಿಂದ, ಶಾಸನಗಳಿಂದ, ಕೆನರಾ ಮತ್ತು ತಮಿಳುನಾಡಿನ ರೂಢಿಗಳಿಂದ ಆಧಾರ ತಂದು, ಉಳುವವನ ವಂಶಪಾರಂಪರ್ಯ ಹಕ್ಕು ಹಳೆಯದು, ದೊರೆಗೆ ಸಲ್ಲುವುದು ಉತ್ಪತ್ತಿಯ ಪಾಲು ಮಾತ್ರ ಎಂದು ವಾದಿಸಿದ. ರೈತನ ಪರವಾಗಿ ಇಂಗ್ಲಿಷಿನಲ್ಲಿ ಅಚ್ಚಾದ ಆರಂಭದ ಗಟ್ಟಿ ವಾದಗಳಲ್ಲಿ ಇದೊಂದು. ಈ ಕಾರಣಕ್ಕೇ ವಿಲ್ಕ್ಸ್ ಗೌರವಕ್ಕೆ ಅರ್ಹ.

ಇದರ ಜೊತೆಯಲ್ಲೇ ಬರುವುದು ಕನ್ನಡ ಹಳ್ಳಿಯ ವರ್ಣನೆ. ಗೌಡ, ಶಾನುಭೋಗ, ತಳವಾರ, ತೋಟಿ, ನೀರುಗಂಟಿ, ಜೋಯಿಸ, ಕಮ್ಮಾರ, ಬಡಗಿ, ಕುಂಬಾರ, ಅಗಸ, ಕೆಲಸಿ, ಅಕ್ಕಸಾಲಿ: ಹೀಗೆ ಹನ್ನೆರಡು ಆಯಗಾರರನ್ನು ಅವನು ಒಬ್ಬೊಬ್ಬರಾಗಿ ಹೆಸರಿಸಿ, ಅವರ ಕೆಲಸ ಹೇಳಿ, ಸುಗ್ಗಿಯಲ್ಲಿ ಕಣದ ರಾಶಿಯಿಂದ ಅವರಿಗೆ ಸಲ್ಲುತ್ತಿದ್ದ ಆಯವನ್ನು ವಿವರಿಸಿದ. ಕೆಲವೆಡೆ ಅಕ್ಕಸಾಲಿಯ ಜಾಗದಲ್ಲಿ ಕವಿಯೋ ಐಗಳೋ ಇರುತ್ತಿದ್ದರೆಂದೂ ಸೇರಿಸಿದ. ದೊರೆಗಳು ಬದಲಾದರೂ ಹಳ್ಳಿ ತನ್ನಷ್ಟಕ್ಕೆ ತಾನೇ ಒಂದು ಪುಟ್ಟ ಗಣರಾಜ್ಯದಂತೆ ನಡೆಯುತ್ತದೆ ಎಂಬುದು ಅವನ ತೀರ್ಮಾನ. ಈ ವಿಚಾರ 1812ರ ಪಾರ್ಲಿಮೆಂಟಿನ ಐದನೆಯ ವರದಿಯಲ್ಲೂ 1830ರಲ್ಲಿ ಬರೆದ, ಕಂಪನಿಯ ಅಧಿಕಾರಿ ಮೆಟ್‌ಕಾಫನ ಟಿಪ್ಪಣಿಯಲ್ಲೂ ಬೇರೆ ಬೇರೆ ರೂಪದಲ್ಲಿ ಕಾಣಿಸುತ್ತದೆ. ಕಾರ್ಲ್ ಮಾರ್ಕ್ಸ್ ತನ್ನ ‘ಬಂಡವಾಳ’ದ ಮೊದಲ ಸಂಪುಟದಲ್ಲಿ ಭಾರತದ ಗ್ರಾಮಸಮುದಾಯದ ಬಗ್ಗೆ ಬರೆಯುವಾಗ ಆಧಾರವಾಗಿ ಹೆಸರಿಸುವುದು ವಿಲ್ಕ್ಸ್‌ನನ್ನೇ. ಕೆರೆಯ ತೂಬಿನ ಬಳಿ ನಿಂತು ಗದ್ದೆಗದ್ದೆಗೆ ನೀರು ಬಿಡುತ್ತಿದ್ದ ಮೈಸೂರು ಸೀಮೆಯ ನೀರುಗಂಟಿ ಹೀಗೆ ಲೋಕದ ಅರ್ಥಶಾಸ್ತ್ರದ ಪುಟಗಳ ಹಿನ್ನೆಲೆಗೆ ಸೇರಿದ.

ಆ ಗಣರಾಜ್ಯದ ಒಳಗಿನ ಮೇಲುಕೀಳುಗಳನ್ನು ಮಾತ್ರ ವಿಲ್ಕ್ಸ್ ತೂಗಿ ನೋಡಲಿಲ್ಲ. ತೋಟಿಗೂ ಗೌಡನಿಗೂ ಸಲ್ಲುತ್ತಿದ್ದ ಪಾಲು, ಮರ್ಯಾದೆ ಒಂದೇ ಆಗಿರಲಿಲ್ಲ. ಹೊಲದಲ್ಲಿ ದುಡಿಯುವ ಹೆಂಗಸರು ಹನ್ನೆರಡರ ಪಟ್ಟಿಯಲ್ಲಿ ಎಲ್ಲೂ ಇಲ್ಲ. ಬರ, ದಂಡು ಬಂದಾಗ ಊರು ಬಿಟ್ಟುಹೋದವರ ಲೆಕ್ಕವೂ ಇಲ್ಲ. ಹಳ್ಳಿ ಎಂದೂ ಬದಲಾಗದ್ದು ಎಂಬ ಚಿತ್ರ ಮುಂದಿನ ನೂರು ವರ್ಷ ಆಡಳಿತಗಾರರ ತಲೆಯಲ್ಲಿ ಉಳಿದು ಹಾನಿ ಮಾಡಿತು. ಟಿಪ್ಪುವಿನ ವಿಷಯದಲ್ಲಿ ದೋಷ ಇನ್ನೂ ದೊಡ್ಡದು. ಹೈದರನ ಕ್ರೌರ್ಯಕ್ಕೆ ಕಾರಣ ಹುಡುಕಿ ಕೊಡುವ ಲೇಖನಿ ಮಗನ ಹೆಸರು ಬಂದೊಡನೆ ತೀರ್ಪಿನ ಧಾಟಿಗೆ ತಿರುಗುತ್ತದೆ. ರೇಷ್ಮೆ, ವ್ಯಾಪಾರ, ಕಂದಾಯ, ಆಯುಧ ತಯಾರಿಕೆಗಳಲ್ಲಿ ಟಿಪ್ಪು ಮಾಡಿದ ಪ್ರಯೋಗಗಳಿಗೆ ಅಲ್ಲಿ ಸಿಗುವ ಗಮನ ಕಡಿಮೆ.

1808ರಲ್ಲಿ ವಿಲ್ಕ್ಸ್ ಭಾರತ ಬಿಟ್ಟ. 1813ರಲ್ಲಿ ಕಂಪನಿ ಅವನನ್ನು ಸೇಂಟ್ ಹೆಲೆನಾದ ಗವರ್ನರನನ್ನಾಗಿ ಕಳಿಸಿತು. ಅಟ್ಲಾಂಟಿಕ್ ಸಾಗರದ ನಡುವಿನ ಆ ದ್ವೀಪ ಆಗ ಕಂಪನಿಯದೇ; ಭಾರತದಿಂದ ಮರಳುವ ಹಡಗುಗಳು ನೀರು, ತರಕಾರಿಗೆ ಅಲ್ಲಿ ತಂಗುತ್ತಿದ್ದವು. ಬೇಸಾಯ ಸುಧಾರಣೆಯಲ್ಲಿ ಅವನು ಅಲ್ಲಿಯೂ ಆಸಕ್ತಿ ತೋರಿದ. 1815ರ ಅಕ್ಟೋಬರಿನಲ್ಲಿ ನೆಪೋಲಿಯನ್ನನನ್ನು ಕೈದಿಯಾಗಿ ತಂದು ಇಳಿಸಿದರು. ಕಾವಲಿನ ಹೊಣೆ ಅಡ್ಮಿರಲ್ ಕಾಕ್‌ಬರ್ನನದು, ದ್ವೀಪದ ಆಡಳಿತ ಮಾತ್ರ ವಿಲ್ಕ್ಸ್‌ನದು. ವಿಲ್ಕ್ಸ್ ಮತ್ತು ನೆಪೋಲಿಯನ್ ಭೇಟಿಯಾಗಿ ವಿಜ್ಞಾನ, ಭಾರತ ಮುಂತಾದ ವಿಷಯಗಳನ್ನು ಮಾತಾಡಿದರು. ಅವನ ಮಗಳು ಲಾರಾ ಕೂಡ ನೆಪೋಲಿಯನ್ನನನ್ನು ಕಂಡು ಮಾತಾಡಿದಳು. 1799ರ ಜನವರಿಯಲ್ಲಿ ಕೈರೋದಿಂದ ಟಿಪ್ಪುವಿಗೆ ಬರೆದ ಪತ್ರ ನಡುದಾರಿಯಲ್ಲೇ ಇಂಗ್ಲಿಷರ ಕೈಗೆ ಸಿಕ್ಕಿದ ಆ ಮನುಷ್ಯ ಈ ನೆಪೋಲಿಯನ್ನನೇ. ವಿಲ್ಕ್ಸ್ ಬರೆದ ಟಿಪ್ಪುವಿನ ಕಥೆಯ ಸಂಪುಟಗಳು ಆಗಿನ್ನೂ ಅಚ್ಚಾಗಿರಲಿಲ್ಲ. 1816ರ ಏಪ್ರಿಲಿನಲ್ಲಿ ಹಡ್ಸನ್ ಲೋ ಬಂದು ಅಧಿಕಾರ ವಹಿಸಿಕೊಂಡ ಮೇಲೆ ವಿಲ್ಕ್ಸ್ ಹೊರಟ. ಹೊಸ ಗವರ್ನರನ ಬಿಗಿ ಕಂಡ ಫ್ರೆಂಚರು ಹಳಬನನ್ನು ಒಳ್ಳೆಯ ಮಾತಿನಲ್ಲಿ ನೆನೆದರು.

ಊರಿಗೆ ಮರಳಿದ ವಿಲ್ಕ್ಸ್ ಡಗ್ಲಸ್ ಪಟ್ಟಣದ ಬಳಿಯ ಕರ್ಬಿ ಎಸ್ಟೇಟಿನಲ್ಲಿ ನೆಲೆಸಿದ. ಮೊದಲ ಹೆಂಡತಿ ತೀರಿದ ಮೇಲೆ ಅವನು ಮದುವೆಯಾದ ಡೊರೊತಿ, ಹೌಸ್ ಆಫ್ ಕೀಸ್‌ಗೆ ಸ್ಪೀಕರರನ್ನು ಕೊಟ್ಟಿದ್ದ ಟೌಬ್‌ಮನ್ ಮನೆತನದವಳು. 1820ರ ದಶಕದಲ್ಲಿ ವಿಲ್ಕ್ಸ್ ಸ್ವತಃ ಸದನದ ಸ್ಪೀಕರನಾದ. ಭಾರತದಿಂದ ಮರಳಿದವರು ಬ್ರಿಟನ್ನಿನ ರಾಜಕೀಯ ಸೇರುವುದು ಆಗ ಸಾಮಾನ್ಯ. ಅವನ ಹಳೆಯ ಮೇಲಧಿಕಾರಿ ಮಾಲ್ಕಂ ಬೊಂಬಾಯಿಯ ಗವರ್ನರನಾಗಿ, 1831ರಲ್ಲಿ ಪಾರ್ಲಿಮೆಂಟ್ ಸದಸ್ಯನೂ ಆದ. ವಿಲ್ಕ್ಸ್ ಆರಿಸಿಕೊಂಡದ್ದು ತನ್ನ ದ್ವೀಪದ ಸಣ್ಣ ಸದನ. ಆ ದಶಕ ಅಲ್ಲಿ ಶಾಂತವಾಗಿರಲಿಲ್ಲ. ಗವರ್ನರನಾಗಿದ್ದ ಅಥಾಲ್ ಡ್ಯೂಕನಿಗೂ ಕೀಸ್‌ಗೂ ಹಳೆಯ ಜಗಳ. ಡ್ಯೂಕನ ಸೋದರನ ಮಗನಾದ ಬಿಷಪ್ ಆಲೂಗಡ್ಡೆ ಬೆಳೆಯ ಮೇಲೆ ಚರ್ಚಿನ ತೆರಿಗೆ ಹಾಕಲು ಹೋದಾಗ 1825ರಲ್ಲಿ ರೈತರು ಗಲಭೆಗೆ ಎದ್ದರು. ಕೊನೆಗೆ ದಶಕ ಮುಗಿಯುವ ಹೊತ್ತಿಗೆ ಡ್ಯೂಕನ ಉಳಿದ ಹಕ್ಕುಗಳನ್ನೆಲ್ಲ ಬ್ರಿಟಿಷ್ ಸರ್ಕಾರ ಕೊಂಡು ಮುಗಿಸಿತು. ಜನ ಓಟು ಹಾಕಿ ಕೀಸ್‌ಗೆ ಸದಸ್ಯರನ್ನು ಆರಿಸಿದ್ದು 1867ರಲ್ಲಿ, ವಿಲ್ಕ್ಸ್ ತೀರಿದ ಮೂವತ್ತಾರು ವರ್ಷದ ಮೇಲೆ. ಈ ನಡುವೆ ಅವನ ವಿದ್ವತ್ತೂ ನಿಲ್ಲಲಿಲ್ಲ. ರಾಯಲ್ ಸೊಸೈಟಿಯ ಫೆಲೋ ಆಗಿದ್ದ ಅವನು ನಸೀರುದ್ದೀನ್ ತೂಸಿಯ ಪಾರಸಿ ನೀತಿಗ್ರಂಥ ‘ಅಖ್ಲಾಕ್-ಇ-ನಾಸಿರಿ’ಯ ವಿಶ್ಲೇಷಣೆಯನ್ನು 1827ರಲ್ಲಿ ರಾಯಲ್ ಏಷ್ಯಾಟಿಕ್ ಸೊಸೈಟಿಯ ಮೂಲಕ ಪ್ರಕಟಿಸಿದ. ನಾಲ್ಕು ವರ್ಷದ ಮೇಲೆ, ಲಾರಾಳ ಗಂಡ ಸರ್ ಜಾನ್ ಬುಕನ್ನನ ಮನೆಯಲ್ಲಿ ಅವನ ಕೊನೆಯಾಯಿತು.

ಗ್ರಂಥದ ಬಾಳು ಲೇಖಕನ ಬಾಳಿಗಿಂತ ದೀರ್ಘವಾಯಿತು. 1869ರಲ್ಲಿ ಮದರಾಸಿನ ಹಿಗ್ಗಿನ್‌ಬಾಥಮ್ಸ್ ಅದನ್ನು ಮರುಮುದ್ರಿಸಿತು. ಲೂಯಿಸ್ ರೈಸ್ ತನ್ನ ಮೈಸೂರು ಗ್ಯಾಸೆಟಿಯರಿಗೆ ಅದನ್ನೇ ಹೆಚ್ಚಾಗಿ ಅವಲಂಬಿಸಿದ. ದೇವನಹಳ್ಳಿ, ಹೊಸಕೋಟೆಗಳ ಕಥೆ ಸರ್ಕಾರಿ ಪುಸ್ತಕಗಳಿಗೆ ಇಳಿದದ್ದು ಆ ದಾರಿಯಲ್ಲಿ. ಅದೇ ರೈಸ್ 1905ರಲ್ಲಿ ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕಾದ ಒಂಬತ್ತನೆಯ ಸಂಪುಟದಲ್ಲಿ ಹೊರತಂದ ಮೇಲೆ, ನೆಲಮಂಗಲ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ತಾಲ್ಲೂಕುಗಳ ಕಲ್ಲುಬರಹಗಳ ಎದುರಿಟ್ಟು ವಿಲ್ಕ್ಸ್‌ನ ಮಾತನ್ನು ಪರೀಕ್ಷಿಸುವುದು ಸಾಧ್ಯವಾಯಿತು. 1930ರಲ್ಲಿ ಮೈಸೂರು ಸರ್ಕಾರವೇ ಮರೆ ಹ್ಯಾಮಿಕ್ ಟಿಪ್ಪಣಿಗಳೊಂದಿಗೆ ಸಂಪಾದಿಸಿದ ಎರಡು ಸಂಪುಟಗಳ ಆವೃತ್ತಿಯನ್ನು ತನ್ನ ಮುದ್ರಣಾಲಯದಲ್ಲಿ ಅಚ್ಚು ಹಾಕಿಸಿತು. 1940ರ ದಶಕದಲ್ಲಿ ಸಿ. ಹಯವದನರಾವ್ ಮೂರು ಸಂಪುಟಗಳ ಮೈಸೂರು ಚರಿತ್ರೆ ಬರೆದಾಗ ಕನ್ನಡದ ವಂಶಾವಳಿ, ಕಾವ್ಯ, ಶಾಸನಗಳನ್ನು ಮುಂದಿಟ್ಟುಕೊಂಡು ವಿಲ್ಕ್ಸ್‌ನ ಹೇಳಿಕೆಗಳನ್ನು ಒಂದೊಂದಾಗಿ ಎತ್ತಿಕೊಂಡರು. ನಿಂತದ್ದನ್ನು ಉಳಿಸಿಕೊಂಡರು, ನಿಲ್ಲದ್ದನ್ನು ಕಾರಣ ಕೊಟ್ಟು ಕೈಬಿಟ್ಟರು.